ಕುದಿಯದ ಕಾರಿಗೂ ಜ್ವರ ಬರುತ್ತದೆ

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಡ್ಯಾಶ್‌ಬೋರ್ಡ್ ನೋಡಿದರೆ ‘ಇಷ್ಟೇನಾ?’ ಅನ್ನಿಸುತ್ತದೆ. ಗುಂಡನೆಯ ಒಂದು ಸ್ಪೀಡೋಮೀಟರ್, ಅದರೊಳಗೆ ಕೆಲವು ಪುಟ್ಟ ದೀಪಗಳು. ಮೊದಮೊದಲ ಮಾದರಿಗಳಲ್ಲಿ ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳೂ ಇರಲಿಲ್ಲ. ಇಂಜಿನ್ ತೊದಲತೊಡಗಿದಾಗ ಪಾದದ ಬಳಿಯಿದ್ದ ಒಂದು ಹಿಡಿಯನ್ನು ತಿರುಗಿಸಿ ರಿಸರ್ವ್‌ಗೆ ಹೋಗಬೇಕಿತ್ತು, ನಮ್ಮ ಬೈಕುಗಳಲ್ಲಿ ಮಾಡುತ್ತಿದ್ದ ಹಾಗೆ. ಇಂಜಿನ್ ಎಷ್ಟು ಬಿಸಿಯಾಗಿದೆ ಎಂದು ಹೇಳುವ ಮುಳ್ಳಿನ ಮಾತಂತೂ ಇಲ್ಲವೇ ಇಲ್ಲ. ನೀರಿಲ್ಲ, ರೇಡಿಯೇಟರ್ ಇಲ್ಲ, ಆದ್ದರಿಂದ ನೀರಿನ ಬಿಸಿ ಅಳೆಯುವ ಮೀಟರೂ ಇಲ್ಲ.

ಇಂಥ ಕಾರನ್ನು ಪರೀಕ್ಷೆಗೆಂದು ಹತ್ತಿಸಿದ್ದು ಸಣ್ಣಪುಟ್ಟ ದಿಬ್ಬವನ್ನಲ್ಲ. ಆಸ್ಟ್ರಿಯಾದ ಆಲ್ಪ್ಸ್ ಪರ್ವತಗಳ ನಡುವಿನ ಗ್ರಾಸ್‌ಗ್ಲಾಕ್ನರ್ ರಸ್ತೆ 1935ರ ಆಗಸ್ಟ್ 3ರಂದು ಸಂಚಾರಕ್ಕೆ ತೆರೆಯಿತು. ಉದ್ದ 48 ಕಿಲೋಮೀಟರ್, ಹೇರ್‌ಪಿನ್ ತಿರುವುಗಳು 36. ಹಾದಿಯ ನೆತ್ತಿಯಾದ ಹೊಖ್‌ಟೋರ್ ಕಣಿವೆದಾರಿ ಸಮುದ್ರಮಟ್ಟಕ್ಕಿಂತ 2,504 ಮೀಟರ್ ಎತ್ತರದಲ್ಲಿದೆ. ಬೀಟಲ್‌ನ ವಿನ್ಯಾಸಕ ಫರ್ಡಿನೆಂಡ್ ಪೋರ್ಷೆ ತಮ್ಮ ಈ ಜನಸಾಮಾನ್ಯರ ಕಾರಿನ ಮಾದರಿಗಳನ್ನು ಇಲ್ಲಿ ಓಡಿಸಿ ನೋಡಿದರು. ಗ್ಯಾರೇಜ್ ಇಲ್ಲದ ಬಡ ಜರ್ಮನ್ ಕುಟುಂಬದ ಕಾರು ಚಳಿಗಾಲದ ರಾತ್ರಿಯಿಡೀ ಬೀದಿಯಲ್ಲೇ ನಿಲ್ಲಬೇಕು, ನೀರು ಹೆಪ್ಪುಗಟ್ಟಿ ಇಂಜಿನ್ ಒಡೆಯಬಾರದು ಎಂಬ ಕಾರಣಕ್ಕೆ ಗಾಳಿಯಿಂದ ತಣ್ಣಗಾಗುವ ಇಂಜಿನ್ ಬೇಕಾಗಿತ್ತು. ಹಾಗೆ ಚಳಿಗೆಂದು ಆರಿಸಿಕೊಂಡ ಇಂಜಿನ್ನಿನ ಸತ್ವಪರೀಕ್ಷೆ ನಡೆಯುವುದು ಮಾತ್ರ ಏರಿನ ಬಿಸಿಯಲ್ಲಿ.

ನಮ್ಮ ಘಾಟಿಗಳಲ್ಲಿ ಒಂದು ಕಾಲಕ್ಕೆ ತಪ್ಪದೆ ಕಾಣುತ್ತಿದ್ದ ದೃಶ್ಯ ನೆನಪಿರಬಹುದು. ತಿರುವಿನ ಅಂಚಿನಲ್ಲಿ ಬಾನೆಟ್ ಎತ್ತಿಕೊಂಡು ನಿಂತ ಅಂಬಾಸಿಡರ್, ಬುಸ್ಸೆನ್ನುವ ಹಬೆ, ರೇಡಿಯೇಟರ್ ಮುಚ್ಚಳಕ್ಕೆ ಒದ್ದೆ ಬಟ್ಟೆ ಸುತ್ತಿ ಮುಖ ಆಚೆ ತಿರುಗಿಸಿಕೊಂಡು ಬಿಚ್ಚುವ ಡ್ರೈವರ್, ತೊರೆಯಿಂದ ನೀರು ತರಲು ಡಬ್ಬ ಹಿಡಿದು ಹೊರಟ ಕ್ಲೀನರ್. ನೋಡುವುದಕ್ಕೆ ಅದು ಫಜೀತಿ. ಆದರೆ ಆ ಫಜೀತಿಯೇ ಇಂಜಿನ್ನನ್ನು ಉಳಿಸುತ್ತಿತ್ತು. ನೀರು ಕುದಿದು, ಹಬೆ ಎದ್ದು, ‘ಸಾಕು ನಿಲ್ಲಿಸು’ ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು.

ಗಾಳಿ ಕುದಿಯುವುದಿಲ್ಲ, ಹೆಪ್ಪುಗಟ್ಟುವುದೂ ಇಲ್ಲ. ಬೀಟಲ್ ಮಾರಿದವರು ಇದನ್ನೇ ದೊಡ್ಡ ಹೆಗ್ಗಳಿಕೆಯಾಗಿ ಹೇಳಿಕೊಂಡರು. ಮಾತು ನಿಜ, ಅರ್ಧ ಮಾತ್ರ. ಕುದಿಯದ ಇಂಜಿನ್ನಿಗೂ ಜ್ವರ ಬರುತ್ತದೆ, ಬಂದಾಗ ಅದು ಕೂಗುವುದಿಲ್ಲ. ಒಳಗೊಳಗೇ ಎಣ್ಣೆ ತೆಳ್ಳಗಾಗುತ್ತದೆ, ವಾಲ್ವ್ ಸುಡುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆದ್ದರಿಂದ ಏರಿನಲ್ಲಿ ಈ ಕಾರಿನ ಉಷ್ಣತೆಯನ್ನು ಕಾಯುವ ಕೆಲಸದ ಬಹುಪಾಲು ಬೀಳುವುದು ಡ್ರೈವರನ ಎಡಗಾಲು ಮತ್ತು ಗೇರ್ ಹಿಡಿದ ಕೈಯ ಮೇಲೆ. ಅಲ್ಲಿ ಮಾಡಬೇಕಾದ್ದು ನಮ್ಮಲ್ಲಿ ಬಹುತೇಕರು ಕಲಿತದ್ದಕ್ಕೆ ತಿರುವುಮುರುವು.

ಮೊದಲು ಬಿಸಿಯ ಲೆಕ್ಕ ನೋಡೋಣ. ಜನರನ್ನೂ ಸಾಮಾನನ್ನೂ ಸೇರಿಸಿ ಕಾರಿನ ತೂಕ ಒಂದು ಟನ್ ಎಂದಿಟ್ಟುಕೊಳ್ಳಿ. ಗ್ರಾಸ್‌ಗ್ಲಾಕ್ನರ್ ರಸ್ತೆಯ ಉತ್ತರದ ಬುಡದಲ್ಲಿರುವ ಬ್ರುಕ್ ಊರು ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ನೆತ್ತಿಗೆ ಅಂದರೆ ಒಂದು ಟನ್ ಭಾರವನ್ನು 1,750 ಮೀಟರ್ ಮೇಲೆತ್ತಿದ ಹಾಗೆ. ಬರೀ ಎತ್ತುವುದಕ್ಕೇ ಸುಮಾರು 17 ಮೆಗಾಜೂಲ್ ಶಕ್ತಿ ಬೇಕು. ಹಳೆಯ ಪೆಟ್ರೋಲ್ ಇಂಜಿನ್ ತಾನು ಕುಡಿದ ಇಂಧನದಲ್ಲಿ ನಾಲ್ಕನೇ ಒಂದು ಪಾಲನ್ನು ಕೆಲಸವಾಗಿ ಪರಿವರ್ತಿಸಿದರೆ ಅದೇ ಹೆಚ್ಚು. ಉಳಿದ ಮೂರು ಪಾಲು, ಅಂದರೆ ಸುಮಾರು 50 ಮೆಗಾಜೂಲ್, ಬಿಸಿಯಾಗಿ ಹೋಗಬೇಕು. ತಣ್ಣೀರಿನ ಲೆಕ್ಕದಲ್ಲಿ ಹೇಳುವುದಾದರೆ ಅಷ್ಟು ಶಾಖದಲ್ಲಿ 150 ಲೀಟರ್ ನೀರನ್ನು ಕುದಿಸಬಹುದು. ಮದುವೆ ಮನೆಯ ದೊಡ್ಡ ಹಂಡೆಯೊಂದು ಸೀಟಿನ ಹಿಂದೆ ಕಾಯುತ್ತಿದೆ ಎಂದುಕೊಳ್ಳಿ. ಆ ಬಿಸಿಯಲ್ಲಿ ದೊಡ್ಡ ಪಾಲು ಸೈಲೆನ್ಸರ್ ಮೂಲಕ ಹೊಗೆಯ ಜೊತೆ ಹೊರಟುಹೋಗುತ್ತದೆ. ಮಿಕ್ಕದ್ದನ್ನು ಹೊರಗೆ ಸಾಗಿಸುವ ಹೊಣೆ ಗಾಳಿ ಮತ್ತು ಎಣ್ಣೆಯದು.

ಸಾಗಿಸುವ ವ್ಯವಸ್ಥೆ ಹೇಗಿದೆ? ಸಿಲಿಂಡರಿನ ಮೈಮೇಲೆ ಮೆಕ್ಯಾನಿಕ್‌ಗಳು ಫಿನ್ ಎನ್ನುವ ತೆಳು ಲೋಹದ ಪದರಗಳಿವೆ. ಬಿಸಿ ಅವುಗಳಿಗೆ ಹರಿದು ಗಾಳಿಗೆ ದಾಟುತ್ತದೆ. ಬುಲೆಟ್ ಬೈಕಿನಲ್ಲಿ ನೀವು ದಿನಾ ನೋಡುವುದು ಇದನ್ನೇ. ಬುಲೆಟ್ ಇಂಜಿನ್ ಬಯಲಲ್ಲಿದೆ, ಓಡುವಾಗ ಗಾಳಿ ತಾನಾಗಿ ಬಡಿಯುತ್ತದೆ. ಬೀಟಲ್ ಇಂಜಿನ್ ಕಾರಿನ ಹಿಂಭಾಗದಲ್ಲಿ, ಮುಚ್ಚಿದ ಗೂಡಿನಲ್ಲಿದೆ. ಓಟದ ಗಾಳಿಯನ್ನೇ ನಂಬುವ ಹಾಗಿಲ್ಲ, ಫ್ಯಾನ್ ಬೇಕು. ನಿಮ್ಮ ಮನೆ ಮುಂದಿನ ಆಕ್ಟಿವಾ ಸ್ಕೂಟರಿನ ಇಂಜಿನ್ ಪಕ್ಕ ಬಗ್ಗಿ ನೋಡಿದರೆ ಪ್ಲಾಸ್ಟಿಕ್ ಜಾಲರಿಯ ಹಿಂದೆ ಪುಟ್ಟ ಫ್ಯಾನ್ ಕಾಣುತ್ತದಲ್ಲ, ಅದರ ದೊಡ್ಡಣ್ಣ ಇಲ್ಲಿದ್ದಾನೆ. ಡೈನಮೋದ ತುದಿಗೆ ಜೋಡಿಸಿದ ಈ ಫ್ಯಾನನ್ನು ಒಂದು ರಬ್ಬರ್ ಬೆಲ್ಟ್ ತಿರುಗಿಸುತ್ತದೆ. ಇಂಜಿನ್ ಒಂದು ಸುತ್ತು ಹಾಕುವಷ್ಟರಲ್ಲಿ ಫ್ಯಾನ್ ಹೆಚ್ಚುಕಡಿಮೆ ಎರಡು ಸುತ್ತು ಹಾಕಿರುತ್ತದೆ. ಇಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಅದು ಸೆಕೆಂಡಿಗೆ 500 ಲೀಟರಿನ ಆಸುಪಾಸು ಗಾಳಿಯನ್ನು ತಗಡಿನ ಗೂಡಿನೊಳಗೆ ನೂಕುತ್ತದೆ. ಆ ಗಾಳಿ ಫಿನ್‌ಗಳ ಸಂದಿಯಿಂದ ಇಳಿದು ಕಾರಿನ ಅಡಿಯಿಂದ ಹೊರಗೆ ಹೋಗುತ್ತದೆ.

ಈ ಕಥೆಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಎಳೆ ಒಂದೇ: ಫ್ಯಾನ್ ತಿರುಗುವುದು ಚಕ್ರದ ವೇಗಕ್ಕಲ್ಲ, ಇಂಜಿನ್ನಿನ ವೇಗಕ್ಕೆ. ಇಂದಿನ ಕಾರುಗಳ ವಿದ್ಯುತ್ ಫ್ಯಾನ್ ಬಿಸಿ ಹೆಚ್ಚಾದಾಗ ತಾನೇ ಶುರುವಾಗುತ್ತದೆ. ಬೀಟಲ್ ಫ್ಯಾನಿಗೆ ಬಿಸಿಯ ಅರಿವಿಲ್ಲ. ನೀವು ತಿರುಗಿಸಿದಷ್ಟೇ ಅದು ಬೀಸುವುದು.

ಈಗ ಏರಿಗೆ ಬನ್ನಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹತ್ತುತ್ತಿದ್ದೀರಿ. 1500 ಸಿಸಿಯ ಬೀಟಲ್‌ನಲ್ಲಿ ಆ ವೇಗಕ್ಕೆ ಮೂರನೇ ಗೇರಿನಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 1,700 ಸುತ್ತು ತಿರುಗುತ್ತದೆ, ಎರಡನೇ ಗೇರಿನಲ್ಲಿ ಸುಮಾರು 2,800. ಎರಡರಲ್ಲೂ ಕಾರಿನ ವೇಗ ಅದೇ, ಏರು ಅದೇ, ಬೇಕಾದ ಶಕ್ತಿಯೂ ಅದೇ. ಆದ್ದರಿಂದ ಹುಟ್ಟುವ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಗಾಳಿಯ ಮಾತು ಹಾಗಲ್ಲ. ಎರಡನೇ ಗೇರಿನಲ್ಲಿ ಅರ್ಧಕ್ಕೂ ಮಿಕ್ಕಿ ಹೆಚ್ಚು ಗಾಳಿ ಸಿಗುತ್ತದೆ. ಎಣ್ಣೆ ಪಂಪ್ ಕೂಡ ಇಂಜಿನ್ನಿಗೇ ಕಟ್ಟಿಕೊಂಡಿರುವುದರಿಂದ ಎಣ್ಣೆಯ ಓಡಾಟವೂ ಅದೇ ಪ್ರಮಾಣದಲ್ಲಿ ಚುರುಕಾಗುತ್ತದೆ.

ಮೂರನೇ ಗೇರಿನಲ್ಲೇ ಹಟ ಹಿಡಿದು ಎಕ್ಸಲರೇಟರನ್ನು ನೆಲಕ್ಕೆ ಒತ್ತಿದರೆ ಏನಾಗುತ್ತದೆ? ಪ್ರತಿ ಹೊಡೆತದಲ್ಲೂ ಸಿಲಿಂಡರ್ ತುಂಬ ಪೆಟ್ರೋಲ್ ಗಾಳಿಯ ಮಿಶ್ರಣ ಹೊಕ್ಕು ಉರಿಯುತ್ತದೆ. ಪಿಸ್ಟನ್ ನಿಧಾನವಾಗಿ ಇಳಿಯುವುದರಿಂದ ಆ ಉರಿ ಗೋಡೆಗೆ ತಾಗಿಕೊಂಡಿರುವ ಹೊತ್ತು ಜಾಸ್ತಿ. ಒತ್ತಡ ಮಿತಿಮೀರಿದಾಗ ಮಿಶ್ರಣ ತಾನೇ ಸಿಡಿದು ‘ಟಿಣ್ ಟಿಣ್’ ಎಂದು ಕುಟ್ಟತೊಡಗುತ್ತದೆ. ನಾಕಿಂಗ್ ಎಂದು ನಮ್ಮ ಮೆಕ್ಯಾನಿಕ್‌ಗಳು ಹೇಳುವುದು ಇದನ್ನೇ. ಒಲೆಯ ಉರಿ ಹೆಚ್ಚು, ಬೀಸಣಿಗೆ ನಿಧಾನ. ಇದಕ್ಕಿಂತ ಕೆಟ್ಟ ಜೋಡಿ ಇಲ್ಲ.

ನಾವು ಕಲಿತದ್ದಾದರೂ ಏನು? ಬೇಗ ಟಾಪ್ ಗೇರಿಗೆ ಹಾಕು, ಪೆಟ್ರೋಲ್ ಉಳಿಯುತ್ತದೆ. ಇಂಜಿನ್ ಅರಚಬಾರದು, ಅರಚಿದರೆ ಬಿಸಿಯಾಗುತ್ತದೆ. ಗೇರ್ ಇಳಿಸದೆ ಘಾಟಿ ಹತ್ತಿಸುವುದು ಡ್ರೈವರನ ಗಂಡಸುತನ, ಕಾರಿನ ದಮ್ಮು. ಗಾಳಿ ತಂಪಿನ ಕಾರಿನ ಮಟ್ಟಿಗೆ ಇದೆಲ್ಲವನ್ನೂ ಮರೆಯಬೇಕು. ಇಂಜಿನ್ ಏದುಸಿರು ಬಿಡುವ ಮೊದಲೇ, ತಿರುವಿಗೆ ಹತ್ತು ಮಾರು ಮುಂಚೆಯೇ ಗೇರ್ ಇಳಿಸಬೇಕು. ಎರಡೂವರೆ ಸಾವಿರದಿಂದ ಮೂರೂವರೆ ಸಾವಿರ ಸುತ್ತಿನ ನಡುವೆ, ಕಾಲನ್ನು ಪೂರ್ತಿ ಒತ್ತದೆ, ಹಗುರವಾಗಿ ಗುನುಗುತ್ತ ಹತ್ತುವ ಇಂಜಿನ್ ತಂಪಾಗಿರುತ್ತದೆ. ಅದಕ್ಕಿಂತ ತೀರಾ ಮೇಲೆ ಎಳೆದರೂ ಲಾಭವಿಲ್ಲ. ಉಜ್ಜಾಟದ ಬಿಸಿ ಏರುತ್ತದೆ, ಫ್ಯಾನ್ ತಿರುಗಿಸುವುದಕ್ಕೇ ಇಂಜಿನ್ನಿನ ಶಕ್ತಿ ಸೋರುತ್ತದೆ.

ಜೊತೆಗೆ ಇನ್ನೊಂದು ಸಂಯಮ ಬೇಕು. ಬೆಟ್ಟ ಹತ್ತಲು ಬೇಕಾದ ಒಟ್ಟು ಶಕ್ತಿ ವೇಗದಿಂದ ದೊಡ್ಡದಾಗಿ ಬದಲಾಗುವುದಿಲ್ಲ. ನಿಧಾನ ಹೋದರೂ ಆ ಹಂಡೆ ನೀರು ಕಾಯಲೇಬೇಕು. ಆದರೆ ಅದೇ ಬಿಸಿಯನ್ನು ಅರ್ಧ ಗಂಟೆಯಲ್ಲಿ ಹೊರಹಾಕುವುದಕ್ಕೂ ಒಂದು ಗಂಟೆಯಲ್ಲಿ ಹೊರಹಾಕುವುದಕ್ಕೂ ಬಹಳ ವ್ಯತ್ಯಾಸವಿದೆ. ಗಂಟೆಗೆ 60ರಲ್ಲಿ ಹತ್ತುವ ಕಡೆ 40ರಲ್ಲಿ ಹತ್ತಿದರೆ ಪ್ರತಿ ನಿಮಿಷ ಹೊರಹೋಗಬೇಕಾದ ಬಿಸಿ ಮೂರನೇ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ. ಹಿಂದಿನ ಕಾರಿನವನು ಹಾರ್ನ್ ಹೊಡೆದರೆ ಜಾಗ ಬಿಟ್ಟು ಮುಂದೆ ಕಳಿಸಿ. ಕೆಳಗಿನ ಗೇರು ಮತ್ತು ತಗ್ಗಿದ ವೇಗ, ಈ ಎರಡರ ಜೋಡಿಯಲ್ಲೇ ಮುಕ್ಕಾಲು ಪಾಲು ವಿದ್ಯೆ ಇದೆ.

ಉಳಿದ ಕಾಲು ಭಾಗ ಮನೆಯಲ್ಲೇ, ಹೊರಡುವ ಮುನ್ನ ಮುಗಿಯಬೇಕು. ಈ ಇಂಜಿನ್ನಿನಲ್ಲಿ ಎಣ್ಣೆ ಎರಡು ಕೆಲಸ ಮಾಡುತ್ತದೆ: ಜಾರಿಸುವುದು ಮತ್ತು ಬಿಸಿ ಹೊರುವುದು. ಅಷ್ಟು ಕೆಲಸಕ್ಕೆ ಬೀಟಲ್‌ನಲ್ಲಿರುವುದು ಬರೀ ಎರಡೂವರೆ ಲೀಟರ್. ಅದರಲ್ಲಿ ಅರ್ಧ ಲೀಟರ್ ಕಡಿಮೆಯಿದ್ದರೆ ಐದರಲ್ಲಿ ಒಬ್ಬ ಕೂಲಿಯಾಳು ರಜೆ ಹಾಕಿದ ಹಾಗೆ. ಆದ್ದರಿಂದ ಡಿಪ್‌ಸ್ಟಿಕ್ ನೋಡದೆ ಘಾಟಿಗೆ ಹೊರಡಬಾರದು. ಫ್ಯಾನ್ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು ಒಂದು ಬೆರಳಗಲ ಬಗ್ಗಬೇಕು. ಸಡಿಲವಿದ್ದರೆ ಜಾರುತ್ತದೆ, ಬಿಗಿಯಿದ್ದರೆ ಡೈನಮೋದ ಬೇರಿಂಗ್ ತಿನ್ನುತ್ತದೆ. ಡಿಕ್ಕಿಯಲ್ಲಿ ಒಂದು ಹೊಸ ಬೆಲ್ಟೂ ಅದನ್ನು ಬದಲಿಸುವ ಸ್ಪ್ಯಾನರೂ ಇರಲೇಬೇಕು. ವಾಲ್ವ್ ಸಂದಿ 0.15 ಮಿಲಿಮೀಟರ್, ಅದನ್ನು ಇಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೊಂದಿಸಬೇಕು. ಈ ಸಂದಿ ಮುಚ್ಚಿಕೊಂಡರೆ ವಾಲ್ವ್ ತನ್ನ ಪೀಠದ ಮೇಲೆ ಸರಿಯಾಗಿ ಕೂರುವುದಿಲ್ಲ. ಕೂತಾಗ ಮಾತ್ರ ತನ್ನ ಬಿಸಿಯನ್ನು ಹೆಡ್ಡಿಗೆ ದಾಟಿಸಬಲ್ಲ ವಾಲ್ವ್, ಕೂರಲಾಗದೆ ಸುಡುತ್ತದೆ.

ಹಳೆಯ ಕಾರುಗಳಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾಗುವುದು ತಗಡು. ಇಂಜಿನ್ ಸುತ್ತಲಿನ ತಗಡಿನ ಹೊದಿಕೆ ಮತ್ತು ಅದರ ಅಂಚಿನ ರಬ್ಬರ್ ಪಟ್ಟಿ ನೋಡುವುದಕ್ಕೆ ಅಲಂಕಾರದಂತೆ ಕಾಣುತ್ತವೆ. ಒಮ್ಮೆ ಇಂಜಿನ್ ಇಳಿಸಿ ಏರಿಸಿದ ಮೇಲೆ ಗ್ಯಾರೇಜಿನ ಮೂಲೆಯಲ್ಲಿ ಒಂದೆರಡು ತಗಡು ಉಳಿದುಬಿಟ್ಟರೆ ‘ಅದಿಲ್ಲದೆಯೂ ಗಾಡಿ ಓಡುತ್ತೆ ಸಾರ್’ ಎಂಬ ಸಮಾಧಾನ ಸಿಗುತ್ತದೆ. ಓಡುತ್ತದೆ, ನಿಜ. ಆದರೆ ಆ ತಗಡೇ ತಂಪು ಗಾಳಿಗೂ ಬಿಸಿ ಗಾಳಿಗೂ ನಡುವಿನ ಗೋಡೆ. ಗೋಡೆ ಬಿರುಕು ಬಿಟ್ಟರೆ ಕೆಳಗಿನಿಂದ ಹೊರಹೋದ ಬಿಸಿ ಗಾಳಿಯನ್ನೇ ಫ್ಯಾನ್ ಮತ್ತೆ ಎಳೆದುಕೊಂಡು ಇಂಜಿನ್ನಿಗೆ ಊದುತ್ತದೆ. ಫಿನ್‌ಗಳ ಸಂದಿಯಲ್ಲಿ ಎಣ್ಣೆ ಜಿಡ್ಡು ಮತ್ತು ಧೂಳು ಸೇರಿ ಕಟ್ಟಿದ ಮಣ್ಣೂ ಅಷ್ಟೇ ಅಪಾಯ. ಇಂಜಿನ್ನಿಗೆ ಕಂಬಳಿ ಹೊದಿಸಿದಂತೆ.

ಎಲ್ಲವೂ ಸರಿಯಿದ್ದರೂ ನಾಲ್ಕು ಸಿಲಿಂಡರುಗಳಿಗೂ ಸಮಪಾಲು ತಂಪು ಸಿಗುವುದಿಲ್ಲ ಎಂಬುದು ಈ ಇಂಜಿನ್ನಿನ ಹಳೆಯ ಗುಟ್ಟು. ಎಣ್ಣೆ ತಣಿಸುವ ಕೂಲರ್ ತಗಡಿನ ಗೂಡಿನೊಳಗೆ, ಮೂರನೇ ಸಿಲಿಂಡರಿಗೆ ಹೋಗುವ ಗಾಳಿಯ ದಾರಿಯಲ್ಲೇ ನಿಂತಿತ್ತು. ಪಾಪದ ಮೂರನೆಯವನಿಗೆ ಯಾವಾಗಲೂ ಎಣ್ಣೆಯ ಬಿಸಿ ಹೀರಿದ ಗಾಳಿಯೇ ಗತಿ. ಎಂಜಿನಿಯರುಗಳು ಹಲವು ಡಿಸ್ಟ್ರಿಬ್ಯೂಟರ್‌ಗಳಲ್ಲಿ ಆ ಒಂದು ಸಿಲಿಂಡರಿನ ಕಿಡಿಯನ್ನು ಮಾತ್ರ ಕೊಂಚ ತಡಮಾಡಿ ಸಮಾಧಾನಪಡಿಸಿದರು. 1970ರ ದಶಕದ ಆರಂಭದಲ್ಲಿ ಕೂಲರನ್ನೇ ದಾರಿಯಿಂದ ಸರಿಸಿ ಅದಕ್ಕೊಂದು ಪ್ರತ್ಯೇಕ ಗೂಡು ಕಟ್ಟಿದರು. ಹಳೆಯ ಬೀಟಲ್ ಇಟ್ಟುಕೊಂಡವರು ಏರಿನಲ್ಲಿ ಚಾಲಾಕಿತನ ತೋರಿಸಿದರೆ ದಂಡ ಕಟ್ಟುವವನು ಸಾಮಾನ್ಯವಾಗಿ ಈ ಮೂರನೆಯವನೇ.

ಮುಳ್ಳಿಲ್ಲದ ಕಾರಿನಲ್ಲಿ ಜ್ವರ ಗುರುತಿಸುವುದು ಹೇಗೆ? ಈಗ ಎಣ್ಣೆಯ ಉಷ್ಣತೆ ಅಳೆಯುವ ಮೀಟರ್ ಹಾಕಿಸಿಕೊಳ್ಳಬಹುದು. 80ರಿಂದ 110 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ನೆಮ್ಮದಿ, 120 ದಾಟಿದರೆ ಕಾಲು ಸಡಿಲಿಸುವ ಹೊತ್ತು. ಮೀಟರ್ ಇಲ್ಲದ ಕಾಲದವರು ಕಿವಿ, ಮೂಗು, ಬೆರಳುಗಳನ್ನು ನಂಬಿದ್ದರು. ಇದುವರೆಗೆ ಹತ್ತುತ್ತಿದ್ದ ಏರಿನಲ್ಲೇ ಪಿಕಪ್ ಸತ್ತಂತಾದರೆ, ಕುಟ್ಟುವ ಸದ್ದು ಕೇಳಿದರೆ, ಕಾದ ಎಣ್ಣೆಯ ವಾಸನೆ ಒಳಗೆ ಬಂದರೆ ಅವು ಮೊದಲ ಸೂಚನೆಗಳು. ಹೇರ್‌ಪಿನ್‌ನಲ್ಲಿ ಬಸ್ಸಿಗೆ ದಾರಿ ಬಿಡಲು ನಿಂತಾಗ ಎಣ್ಣೆ ದೀಪ ಮಿಣುಕಿದರೆ ಎಣ್ಣೆ ನೀರಿನಷ್ಟು ತೆಳ್ಳಗಾಗಿದೆ ಎಂದರ್ಥ. ಬೀಗದ ಕೈ ತೆಗೆದ ಮೇಲೂ ಇಂಜಿನ್ ನಾಲ್ಕು ಸುತ್ತು ಗೊರಗೊರ ಎಂದರೆ ಒಳಗಿನ ಲೋಹವೇ ಕೆಂಡದಂತಾಗಿ ಕಿಡಿಯ ಕೆಲಸ ಮಾಡುತ್ತಿದೆ. ಕೊನೆಯದಾಗಿ ಡಿಪ್‌ಸ್ಟಿಕ್ ಪರೀಕ್ಷೆ: ಅದನ್ನು ಎಳೆದು ತುದಿಯನ್ನು ಬೆರಳಲ್ಲಿ ಹಿಡಿಯಲು ನೋಡಿ. ಮುಟ್ಟಿದೊಡನೆ ಕೈ ಹಿಂದೆಗೆದುಕೊಳ್ಳುವಂತಾದರೆ ಕಾಯುವುದೇ ಲೇಸು.

ಕಾಯುವುದರಲ್ಲೂ ಎರಡು ಬಗೆ. ಇಲ್ಲಿ ಎಡವಿದರೆ ಇಂಜಿನ್ ಹೋಯಿತು. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಾರ್ಜಿಂಗಿನ ಕೆಂಪು ದೀಪ ಹತ್ತಿದೆಯೇ ನೋಡಿ. ಅದು ಬರೀ ಕರೆಂಟಿನ ವಿಷಯವಲ್ಲ. ಡೈನಮೋ ಮತ್ತು ಫ್ಯಾನ್ ಒಂದೇ ಬೆಲ್ಟಿನ ಮೇಲಿವೆ, ಬೆಲ್ಟ್ ಕಿತ್ತರೆ ಎರಡೂ ನಿಂತವು. ಹಾಗಾಗಿ ಏರಿನಲ್ಲಿ ಆ ಕೆಂಪು ದೀಪ ಹತ್ತಿದರೆ ‘ಮುಂದಿನ ಊರಲ್ಲಿ ನೋಡೋಣ’ ಎನ್ನದೆ ಆ ಕ್ಷಣವೇ ಬದಿಗೆ ಹಾಕಿ ಇಂಜಿನ್ ಆರಿಸಬೇಕು. ಫ್ರಾನ್ಸಿನ ಸಿಟ್ರೊಯೆನ್ 2ಸಿವಿ ಕಾರಿನಲ್ಲಿ ಫ್ಯಾನನ್ನು ನೇರವಾಗಿ ಕ್ರ್ಯಾಂಕ್‌ಶಾಫ್ಟಿನ ಮೂತಿಗೇ ಬಿಗಿದು ಈ ತಲೆನೋವನ್ನೇ ಕಳೆದಿದ್ದರು. ಬೀಟಲ್‌ಗೆ ಆ ಭಾಗ್ಯವಿಲ್ಲ.

ಕೆಂಪು ದೀಪ ಹತ್ತಿಲ್ಲ, ಬೆಲ್ಟ್ ಗಟ್ಟಿಯಿದೆ, ಎಣ್ಣೆ ದೀಪವೂ ಸುಮ್ಮನಿದೆ, ಇಂಜಿನ್ ಬರೀ ಕಾದಿದೆ ಎಂದಾದರೆ ಮದ್ದು ಪೂರ್ತಿ ಬೇರೆ. ಆಗ ಥಟ್ಟನೆ ಆರಿಸಬಾರದು. ಆರಿಸಿದರೆ ಫ್ಯಾನ್ ನಿಲ್ಲುತ್ತದೆ, ಲೋಹದಲ್ಲಿ ತುಂಬಿಕೊಂಡ ಬಿಸಿಗೆ ಹೋಗುವ ದಾರಿ ಇರುವುದಿಲ್ಲ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಎಕ್ಸಲರೇಟರನ್ನು ತುಸು ಒತ್ತಿ ಹಿಡಿದು, ಒಂದೂವರೆ ಎರಡು ಸಾವಿರ ಸುತ್ತಿನಲ್ಲಿ ಒಂದೆರಡು ನಿಮಿಷ ತಿರುಗಲು ಬಿಡಬೇಕು. ಹೊರೆಯಿಲ್ಲದ್ದರಿಂದ ಹೊಸ ಬಿಸಿ ಕಡಿಮೆ, ಫ್ಯಾನಿನ ಗಾಳಿ ಮಾತ್ರ ಧಾರಾಳ. ನೆತ್ತಿ ತಲುಪಿದವರು ಸೆಲ್ಫಿಗೆಂದು ಧಡಕ್ಕನೆ ಕೀ ತಿರುಗಿಸಿ ಇಳಿಯಬಾರದು ಎನ್ನುವುದೂ ಇದಕ್ಕೇ. ಇದೇ ಬುದ್ಧಿಯನ್ನು ಹಳೆಯ ಬುಲೆಟ್ ಮೇಲೆ ಪ್ರಯೋಗಿಸಲು ಹೋಗಬೇಡಿ. ಅದಕ್ಕೆ ಫ್ಯಾನ್ ಇಲ್ಲ. ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಸಾಲಿನಲ್ಲಿ ಸಿಕ್ಕಿಕೊಂಡಾಗ ಬುಲೆಟನ್ನು ಆರಿಸಿಡುವುದೇ ಸರಿ, ನಿಂತಲ್ಲೇ ಗುಡುಗಿಸಿದರೆ ಅದು ಬೇಯುತ್ತದೆ. ಇಬ್ಬರೂ ಗಾಳಿಯನ್ನೇ ನಂಬಿದವರು. ಒಬ್ಬ ಗಾಳಿಯನ್ನು ತಾನೇ ಬೀಸಿಕೊಳ್ಳುತ್ತಾನೆ, ಇನ್ನೊಬ್ಬ ಓಡಿ ಪಡೆಯುತ್ತಾನೆ.

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದಲ್ಲ, ಆಗ ಗತಿಯೇನು ಎಂದು ಕೇಳಬಹುದು. 2,500 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದಕ್ಕಿಂತ ಐದನೇ ಒಂದು ಪಾಲಿಗೂ ಮಿಕ್ಕಿ ತಗ್ಗಿರುತ್ತದೆ. ಫ್ಯಾನ್ ಅಷ್ಟೇ ಲೀಟರ್ ನೂಕಿದರೂ ಅದು ಹೊರುವ ಬಿಸಿ ಕಡಿಮೆಯೇ. ಆದರೆ ಅದೇ ತೆಳು ಗಾಳಿಯನ್ನು ಇಂಜಿನ್ ಕೂಡ ಉಸಿರಾಡಬೇಕು. ಆದ್ದರಿಂದ ಅದರ ಗರಿಷ್ಠ ಶಕ್ತಿಯೂ, ಅದು ಹುಟ್ಟಿಸಬಲ್ಲ ಬಿಸಿಯೂ ಇಳಿಯುತ್ತವೆ. ಜೊತೆಗೆ ಬೆಟ್ಟದ ಹವೆ ತಂಪು. ಸಮುದ್ರಮಟ್ಟದಿಂದ 2,240 ಮೀಟರ್ ಮೇಲಿರುವ ಮೆಕ್ಸಿಕೋ ನಗರದಲ್ಲಿ ಬೀಟಲ್‌ಗಳು ದಶಕಗಳ ಕಾಲ ಟ್ಯಾಕ್ಸಿಗಳಾಗಿ ದುಡಿದವು. ಕೊನೆಯ ಬೀಟಲ್ ತಯಾರಾದದ್ದೂ ಆ ದೇಶದ ಪುಯೆಬ್ಲಾದಲ್ಲೇ, 2003ರ ಜುಲೈ 30ರಂದು. ಎತ್ತರವೊಂದೇ ಶತ್ರುವಲ್ಲ. ಎತ್ತರದಲ್ಲಿ ದಮ್ಮು ಕಡಿಮೆಯಾಯಿತೆಂದು ಗೇರ್ ಇಳಿಸದೆ ಎಕ್ಸಲರೇಟರನ್ನು ಇನ್ನಷ್ಟು ತುಳಿಯುವ ಕಾಲು ಶತ್ರು.

ನೆತ್ತಿ ದಾಟಿದ ಮೇಲೆ ಇಳಿಜಾರು. ಪೆಟ್ರೋಲ್ ಉಳಿಸುತ್ತೇವೆಂದು ನ್ಯೂಟ್ರಲ್‌ಗೆ ಹಾಕಿ ಜಾರುವ ಚಾಳಿ ನಮ್ಮ ಘಾಟಿಗಳಲ್ಲಿ ಇನ್ನೂ ಇದೆ. ಹಾಗೆ ಮಾಡಿದರೆ ಬ್ರೇಕ್ ಕಾಯುತ್ತದೆ, ಇಂಜಿನ್ ಬರೀ ಐಡಲ್‌ನಲ್ಲಿ ತಿರುಗುವುದರಿಂದ ಫ್ಯಾನ್ ತೂಕಡಿಸುತ್ತದೆ. ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ ಎಂಬ ಹಳೆಯ ಡ್ರೈವರುಗಳ ಮಾತು ಬ್ರೇಕಿಗಾಗಿ ಹುಟ್ಟಿದ್ದು. ಗಾಳಿ ತಂಪಿನ ಕಾರಿಗೆ ಅದರಿಂದ ಎರಡನೇ ಲಾಭವೂ ಉಂಟು. ಎಕ್ಸಲರೇಟರಿನಿಂದ ಕಾಲು ತೆಗೆದು ಎರಡನೇ ಗೇರಿನಲ್ಲಿ ಇಳಿಯುವಾಗ ಒಲೆ ಹೆಚ್ಚುಕಡಿಮೆ ಆರಿರುತ್ತದೆ, ಚಕ್ರಗಳೇ ಇಂಜಿನ್ನನ್ನು ತಿರುಗಿಸಿ ಫ್ಯಾನನ್ನು ಭರ್ತಿ ಬೀಸಿಸುತ್ತವೆ. ಹತ್ತುವಾಗ ಮಾಡಿದ ಬಿಸಿಯ ಸಾಲ ಇಳಿಯುವಾಗ ಹೀಗೆ ತೀರುತ್ತದೆ. ಬುಡ ತಲುಪಿದ ಮೇಲೆ ಬೇಕಾದರೆ ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದು ನೋಡಿ. ಈ ಸಲ ಕೈಯಲ್ಲಿ ಹಿಡಿಯಲು ಬರುತ್ತದೆ.